ಹೆಪ್ಪುಗಟ್ಟಿದ ಕೆರೆಯ ಮೇಲೆ ದಸ್ತರಖಾನ

ನನ್ನ ಅಮ್ಮಿ ಇಪ್ಪತ್ತೆಂಟು ವರ್ಷ ಧಾರವಾಡದ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿದಳು. ಅಷ್ಟೂ ವರ್ಷ ಏಳನೆಯ ತರಗತಿಗೆ ತಪ್ಪದೆ ಒಂದು ಪಾಠ ಮಾಡುತ್ತಿದ್ದಳು. ನೀರು ತಣ್ಣಗಾಗುತ್ತ ಹೋದಂತೆ ಕುಗ್ಗುತ್ತದೆ, ಆದರೆ ನಾಲ್ಕು ಡಿಗ್ರಿಯವರೆಗೆ ಮಾತ್ರ. ಅಲ್ಲಿಂದ ಕೆಳಗೆ ಇಳಿದರೆ ಹಿಗ್ಗತೊಡಗುತ್ತದೆ. ಹೀಗಾಗಿ ಶೀತ ಪ್ರದೇಶದ ಕೆರೆಗಳಲ್ಲಿ ನಾಲ್ಕು ಡಿಗ್ರಿಯ ನೀರು ಭಾರವಾಗಿ ತಳದಲ್ಲಿ ಉಳಿಯುತ್ತದೆ, ಮೇಲ್ಭಾಗ ಮಾತ್ರ ಹೆಪ್ಪುಗಟ್ಟುತ್ತದೆ, ಆ ಮುಚ್ಚಳದ ಕೆಳಗೆ ಮೀನುಗಳು ಆರಾಮಾಗಿ ಚಳಿಗಾಲ ಕಳೆಯುತ್ತವೆ. ಅಮ್ಮಿ ಬೋರ್ಡಿನ ಮೇಲೆ ಒಂದು ಕೆರೆ, ಅದಕ್ಕೊಂದು ಅಡ್ಡಗೆರೆ, ಕೆಳಗೆ ಮೂರು ಮೀನು ಬರೆಯುತ್ತಿದ್ದಳು. ಮೂರೂ ಮೀನಿಗೆ ನಗುಮುಖ ಇರುತ್ತಿತ್ತು.

ನಾನೂ ಅದೇ ಶಾಲೆಯಲ್ಲಿ ಓದಿದವಳು. ಮನೆಯಲ್ಲಿ ಅಮ್ಮಿ, ಶಾಲೆಯಲ್ಲಿ ಅಕ್ಕೋರು. ಮನೆಯಲ್ಲಿ ದಖನಿ ಮಾತು, ಶಾಲೆಯಲ್ಲಿ ಕನ್ನಡ. ಈ ಪಾಠ ನನ್ನ ತರಗತಿಗೆ ಬಂದ ದಿನ ನಾನು ಎದ್ದು ನಿಂತು ಕೇಳಿದೆ: "ಅಕ್ಕೋರ, ಇದನ್ನ ನೀವು ನೋಡೀರೇನ್ರಿ?"

ಹುಡುಗಿಯರು ನಕ್ಕರು. ಅಮ್ಮಿ ಒಂದು ಗಳಿಗೆ ನನ್ನನ್ನೇ ನೋಡಿದಳು. ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, "ಹೊರಗ ನಿಂದ್ರು" ಎಂದಳು. ಗಂಟೆ ಹೊಡೆಯುವವರೆಗೂ ಪಡಸಾಲೆಯಲ್ಲಿ ನಿಂತೆ. ಒಳಗೆ ಬಾ ಎಂದು ಅವಳು ಕರೆಯಲಿಲ್ಲ. ಮನೆಗೆ ಹೋದ ಮೇಲೆ ಅವಳೂ ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನದು ಮೊದಲಿನಿಂದಲೂ ಜಿಗುಟು ಸ್ವಭಾವ. ಪ್ರಶ್ನೆಯಲ್ಲಿ ತಪ್ಪೇನಿತ್ತು ಎಂದು ಹಲವು ವರ್ಷ ಒಳಗೊಳಗೇ ಕುದಿಯುತ್ತಿದ್ದೆ.

ದೊಡ್ಡವಳಾದ ಮೇಲೆ ಆ ಸ್ವಭಾವಕ್ಕೇ ಸಂಬಳ ಸಿಗತೊಡಗಿತು. ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನಿನ ಒಂದು ಕಂಪನಿಯಲ್ಲಿ ನಾನು ಟೆಸ್ಟರ್. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಆಗ ಕಾಲ ಹೇಗಿತ್ತೆಂದರೆ, ಊಟದ ಹೊತ್ತಿಗೆ ಪಕ್ಕದಲ್ಲಿ ಕುಳಿತವನು ಸಂಜೆ ಹೊತ್ತಿಗೆ ಸ್ವಂತ ಡಾಟ್ ಕಾಮ್ ಕಂಪನಿ ತೆರೆದಿರುತ್ತಿದ್ದ. ನಾಯಿ ಬಿಸ್ಕತ್ತಿಗೊಂದು ವೆಬ್‌ಸೈಟು, ಮದುವೆ ಕಾರ್ಡಿಗೊಂದು ವೆಬ್‌ಸೈಟು. ತೆರೆದ ದಿನವೇ ಎಲ್ಲರೂ ಒಮ್ಮೆಲೇ ನುಗ್ಗಿ ಆ ಸೈಟುಗಳು ಮಲಗಿಬಿಡುತ್ತಿದ್ದವು. ಒಬ್ಬೊಬ್ಬರೇ ಬಂದರೆ ನಡೆಯುವ ಸೈಟು ಸಾವಿರ ಜನ ಒಟ್ಟಿಗೆ ಬಂದರೂ ನಿಲ್ಲುತ್ತದೆಯೇ ಎಂದು ಮುಂಚೆಯೇ ನೋಡುವುದಕ್ಕೆ ಲೋಡ್ ಟೆಸ್ಟು ಎನ್ನುತ್ತಾರೆ. ನಮ್ಮ ಆಫೀಸಿನಲ್ಲಿ ಆ ವರ್ಷ ಅದನ್ನು ಮಾಡುತ್ತಿದ್ದವಳು ನಾನೇ. ಈ ಮಾತನ್ನು ಇಲ್ಲೇ ಹೇಳಿಡುತ್ತೇನೆ, ಮುಂದೆ ನನ್ನ ಮಾನ ಹೋಗುವುದು ಇದರಿಂದಲೇ.

ಅಮ್ಮಿ ನಿವೃತ್ತಳಾದ ವರ್ಷ ಆರು ತಿಂಗಳಿಗೆಂದು ಅಲ್ಲೇ ಪಕ್ಕದ ಡಬ್ಲಿನ್ ಎಂಬ ಊರಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂದಳು. ನಮ್ಮ ಅಬ್ಬಾ ತಮ್ಮ ಬಟ್ಟೆ ಅಂಗಡಿ ಬಿಟ್ಟು ಬರಲೊಲ್ಲೆ ಎಂದರು. ಬಂದ ವಾರವೇ ನಾನೂ ನನ್ನ ಗಂಡನೂ ಅವಳನ್ನು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ತೋರಿಸಲು ಕರೆದೊಯ್ದೆವು. ಶಾಲು ಹೊದ್ದು ನೀರನ್ನೇ ನೋಡುತ್ತಿದ್ದವಳು ಕೇಳಿದಳು: "ಇದು ಯಾವ ತಿಂಗಳದಾಗ ಹೆಪ್ಪುಗಟ್ಟತೈತಿ?"

"ಇದು ಕಟ್ಟೋದೇ ಇಲ್ಲ ಅಮ್ಮಿ."

"ಮತ್ತ ಅಮೆರಿಕಾ ಶೀತ ಪ್ರದೇಶ ಅಂತಿದ್ರಲ್ಲ?" ಎಂದು ಮುಖ ಸಣ್ಣದು ಮಾಡಿಕೊಂಡಳು. ಅಷ್ಟು ದೂರ ವಿಮಾನದಲ್ಲಿ ಬಂದದ್ದಕ್ಕೆ ಸಿಕ್ಕಿದ್ದು ಬೆಳಗಾವಿಯಂಥ ಹವೆ ಎಂಬುದು ಅವಳ ದೂರು.

ನಮ್ಮ ಕೆಳಗಿನ ಮನೆಯಲ್ಲಿ ಬೆಂಗಳೂರಿನ ದಂಪತಿ ಇದ್ದರು. ಗಂಡನಿಗೆ ದೂರದ ಮೌಂಟನ್ ವ್ಯೂನಲ್ಲಿ ಕೆಲಸ. ದಿನಾ ಫ್ರೀವೇಯಲ್ಲೇ ಅರ್ಧ ಆಯುಷ್ಯ ಕಳೆಯುತ್ತಿದ್ದರು. ಅವರ ಎಂಟು ವರ್ಷದ ಮಗಳು ಶಾಲೆ ಮುಗಿಸಿ ನಮ್ಮ ಮನೆಗೆ ಬರುತ್ತಿದ್ದಳು. ಅಮ್ಮಿ ಕನ್ನಡದಲ್ಲಿ ಹೇಳುವುದು, ಹುಡುಗಿ ಇಂಗ್ಲಿಷಿನಲ್ಲಿ ಉತ್ತರಿಸುವುದು, ಹೀಗೆ ಅವರ ಶಾಲೆ ನಡೆಯುತ್ತಿತ್ತು. ಒಂದು ಶನಿವಾರ ಅಮ್ಮಿ ಫ್ರೀಜರಿನಿಂದ ಐಸಿನ ತುಂಡು ತೆಗೆದು ಗಾಜಿನ ಲೋಟದ ನೀರಿಗೆ ಹಾಕಿ ಅದೇ ಹಳೆಯ ಪಾಠ ಶುರು ಮಾಡಿದಳು. ನಾನು ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದೆ. ಹುಡುಗಿ ಎಲ್ಲ ಕೇಳಿಸಿಕೊಂಡು, "ಡಿಡ್ ಯೂ ಸೀ ಇಟ್, ಅಜ್ಜಿ?" ಎಂದಳು.

ನನ್ನ ಕೈ ನಿಂತಿತು. ಅಮ್ಮಿ ನನ್ನ ಕಡೆ ನೋಡಲಿಲ್ಲ. ಲೋಟವನ್ನೇ ನೋಡುತ್ತ, "ಇಲ್ಲವಾ. ನೋಡಿಲ್ಲ" ಎಂದಳು. ಅಂದು ಸಂಜೆ ಚಪಾತಿ ಲಟ್ಟಿಸುತ್ತ, ಯಾರಿಗೋ ಹೇಳುವವಳ ಹಾಗೆ ಹೇಳಿದಳು: "ಒಂದು ಸಲ ಥರ್ಮಾಮೀಟರ್ ಇಳಿಸಿ ಆ ನಾಕು ಡಿಗ್ರಿ ಕಣ್ಣಾರೆ ನೋಡಬೇಕಿತ್ತು. ಇಪ್ಪತ್ತೆಂಟು ವರ್ಷ ಬಾಯಿಪಾಠ ಹೇಳಿದಂಗಾತು."

ಮರುದಿನದಿಂದ ನಾನು ಹೆಪ್ಪುಗಟ್ಟುವ ಕೆರೆ ಹುಡುಕತೊಡಗಿದೆ. ಹುಡುಕಬೇಕಾದದ್ದು ಆಫೀಸಿನಲ್ಲೇ ಸಿಕ್ಕಿತು. ನಮ್ಮ ಸರ್ವರ್ ಕೋಣೆ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಮಿನ್ನೆಸೋಟದ ಕಡೆಯವರು. ಅಲ್ಲಿ ಚಳಿಗಾಲದಲ್ಲಿ ಕೆರೆಯ ಮೇಲೆ ನಡೆದುಹೋಗಿ, ಐಸಿಗೆ ತೂತು ಕೊರೆದು, ಅದರಲ್ಲಿ ಗಾಳ ಇಳಿಸಿ ಮೀನು ಹಿಡಿಯುತ್ತಾರಂತೆ. ಕ್ಯಾಲಿಫೋರ್ನಿಯಾಕ್ಕೆ ಬಂದರೂ ಅವರಿಗೆ ಆ ಚಾಳಿ ಬಿಟ್ಟಿರಲಿಲ್ಲ. ಪೂರ್ವದ ಬೆಟ್ಟಗಳ ಮೇಲೆ, ನಮ್ಮಲ್ಲಿಂದ ನಾಲ್ಕು ಗಂಟೆಯ ದಾರಿಯಲ್ಲಿ, ಹೆಪ್ಪುಗಟ್ಟುವ ಕೆರೆಗಳಿವೆ ಎಂದರು.

ಕ್ಯಾಂಟೀನಿನ ಕಾಗದದ ಕರವಸ್ತ್ರದ ಮೇಲೆ ಚಿತ್ರ ಬರೆದು ಅವರು ವಿವರಿಸಿದ್ದು ನನಗೆ ಇನ್ನೂ ನೆನಪಿದೆ. ಐಸಿನಲ್ಲಿ ಎರಡು ಜಾತಿ. ನೀರು ನೇರವಾಗಿ ಹೆಪ್ಪುಗಟ್ಟಿದ್ದು ಗಾಜಿನಂತೆ ತಿಳಿಯಾಗಿ, ತುಸು ನೀಲಿಯಾಗಿ ಇರುತ್ತದೆ. ಅದು ನಾಲ್ಕು ಅಂಗುಲವಿದ್ದರೆ ನಡೆಯಬಹುದು. ಮೇಲೆ ಬಿದ್ದ ಹಿಮ ನೆನೆದು ಮತ್ತೆ ಗಟ್ಟಿಯಾದದ್ದು ಬಿಳಿ ಐಸು. ನೋಡಲು ದಪ್ಪ, ಬಲದಲ್ಲಿ ಅರ್ಧ. ಹಳ್ಳ ಬಂದು ಸೇರುವ ಕಡೆ, ನೀರಿನಿಂದ ಕಡ್ಡಿ ಕೊರಡು ಎದ್ದಿರುವ ಕಡೆ ಹೋಗಕೂಡದು. ಮಾರ್ಚಿ ತಿಂಗಳ ಬಿಸಿಲಿಗೆ ಬೆಳಿಗ್ಗೆ ಇದ್ದ ಐಸು ಮಧ್ಯಾಹ್ನ ಅದೇ ಐಸಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಒಂದೇ ಕಡೆ ಗುಂಪು ಸೇರಕೂಡದು.

"ಈ ವರ್ಷ ತಡವಾಯಿತು, ಬರುವ ಜನವರಿಗೆ ಹೋಗೋಣ" ಎಂದು ಅವರು ಹೇಳಿಯೂ ಹೇಳಿದರು. ಆಗಲೇ ಮಾರ್ಚಿ. ಅಮ್ಮಿಯ ಟಿಕೆಟು ಏಪ್ರಿಲಿಗೆ ಇತ್ತು. ಮತ್ತೆ ಬರುವುದಿಲ್ಲ ಎಂದು ಅವಳು ಬಂದ ದಿನವೇ ಸಾರಿದ್ದಳು. ನಾನು ಹಟ ಮಾಡಿದೆ. ಸರಿ, ಹೋಗಿ ನೋಡೋಣ, ಐಸು ಚೆನ್ನಾಗಿಲ್ಲದಿದ್ದರೆ ದಡದಲ್ಲೇ ಕೂತು ಬರೋಣ ಎಂದು ಅವರು ಒಪ್ಪಿದರು.

ಅಮ್ಮಿಯ ತಯಾರಿ ನೋಡಬೇಕಿತ್ತು. ತಳದ ನೀರನ್ನು ಮೇಲೆ ತರುವಾಗ ದಾರಿಯಲ್ಲಿ ಅದರ ಉಷ್ಣತೆ ಬದಲಾಗಿಬಿಡುತ್ತದಲ್ಲ, ಅದಕ್ಕೇನು ಮಾಡುವುದು ಎಂದು ಎರಡು ದಿನ ಯೋಚಿಸಿದಳು. ಕೊನೆಗೆ ಚಹಾದ ಸ್ಟೀಲ್ ಫ್ಲಾಸ್ಕು ಆರಿಸಿದಳು. ಅದರ ಕುತ್ತಿಗೆಗೆ ಒಂದು ದಾರ, ರಬ್ಬರ್ ಬಿರಡೆಗೆ ಇನ್ನೊಂದು ದಾರ. ಕಲ್ಲು ಕಟ್ಟಿ ತಳಕ್ಕೆ ಇಳಿಸಿ ಎರಡನೆಯ ದಾರ ಜಗ್ಗಿದರೆ ಬಿರಡೆ ಕಳಚಿ ಕೆಳಗಿನ ನೀರು ತುಂಬಿಕೊಳ್ಳುತ್ತದೆ. ಬಿಸಿಯನ್ನು ಕಾಯುವ ಫ್ಲಾಸ್ಕು ತಂಪನ್ನೂ ಕಾಯುತ್ತದೆ. ಮೇಲೆ ಬಂದ ಕೂಡಲೇ ಥರ್ಮಾಮೀಟರ್ ಅದ್ದುವುದು. ನಮ್ಮ ಸ್ನಾನದ ತೊಟ್ಟಿಯಲ್ಲಿ ಮೂರು ಸಲ ಪರೀಕ್ಷೆಯೂ ಆಯಿತು. ಒಂದೇ ತೊಡಕು: ನಮ್ಮಲ್ಲಿ ಇದ್ದದ್ದು ಅದೊಂದೇ ಫ್ಲಾಸ್ಕು. ದಾರಿಗೆ ಚಹಾ ಬೇಕೇ ಬೇಕು. ಹಾಗಾಗಿ ಊಟವಾಗಿ, ಚಹಾ ಕುಡಿದು, ಆಮೇಲೆ ಪ್ರಯೋಗ ಎಂದು ಠರಾವಾಯಿತು.

ಒಂದು ಶನಿವಾರ ಬೆಳಗಿನ ಜಾವ ಎರಡು ಕಾರಿನಲ್ಲಿ ಹೊರಟೆವು. ನಮ್ಮ ವ್ಯಾನಿನಲ್ಲಿ ನಾವು ಮೂವರು ಮತ್ತು ಕೆಳಗಿನ ಮನೆಯ ಮೂವರು. ಇನ್ನೊಂದರಲ್ಲಿ ಹಿರಿಯರು, ಅವರ ಸಲಕರಣೆಗಳು. ಬೆಂಗಳೂರಿನವರು ಮೀನು ತಿನ್ನುವವರಲ್ಲ, ಹಿಮ ನೋಡಲು ಬಂದವರು. ಅವರಿಗಾಗಿ ಅಮ್ಮಿ ತರಕಾರಿ ಬಿರಿಯಾನಿ ಮಾಡಿದ್ದಳು, ಅವರದೇ ದೊಡ್ಡ ಹಂಡೆಯಲ್ಲಿ. ಮೀನು ಹಿಡಿಯಲು ತರಕಾರಿ ಬಿರಿಯಾನಿ ಕಟ್ಟಿಕೊಂಡು ಹೊರಟವರು ಪ್ರಪಂಚದಲ್ಲಿ ನಾವೇ ಮೊದಲಿರಬೇಕು ಎಂದು ನನ್ನ ಗಂಡ ದಾರಿಯುದ್ದಕ್ಕೂ ನಗಿಸಿದ.

ಗಾಳಿಯಂತ್ರಗಳ ಗುಡ್ಡ ದಾಟಿ, ಬಾದಾಮಿ ತೋಟಗಳನ್ನು ಹಾದು, ಬೆಟ್ಟ ಹತ್ತಿ ಕೆರೆಯ ದಡಕ್ಕೆ ಬಂದಾಗ ಅಮ್ಮಿ ವ್ಯಾನಿನಿಂದ ಇಳಿದವಳೇ ನಿಂತುಬಿಟ್ಟಳು. ಸುತ್ತ ಪೈನ್ ಮರಗಳು, ನಡುವೆ ಸಪಾಟಾದ ಬಿಳಿ ಬಯಲು. ಬಯಲಿನೊಳಗಿಂದ ಆಗಾಗ ಗುಡುಗಿನಂಥ ಸದ್ದು ಬರುತ್ತಿತ್ತು. "ಇದು ಯಾಕ ಗುಡುಗತೈತಿ ಕೇಳು" ಎಂದು ನನ್ನನ್ನು ತಿವಿದಳು. ಐಸು ಹಿಗ್ಗಿ ಕುಗ್ಗುವಾಗ ಹಾಗೆ ಕೂಗುತ್ತದೆ, ಸದ್ದು ಬಂತೆಂದು ಹೆದರಬೇಕಿಲ್ಲ, ಸದ್ದಿಲ್ಲವೆಂದು ನಂಬಲೂಬಾರದು ಎಂದರು ಹಿರಿಯರು. ಅಮ್ಮಿ ತಲೆಯಾಡಿಸಿ ಅದನ್ನು ತನ್ನ ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಹಿರಿಯರು ಕಬ್ಬಿಣದ ಹಾರೆಯಿಂದ ಹೆಜ್ಜೆಹೆಜ್ಜೆಗೂ ಕುಟ್ಟುತ್ತ ಮುಂದೆ ಹೋದರು. ಅಲ್ಲಲ್ಲಿ ತೂತು ಕೊರೆದು, ಕೊಕ್ಕೆಯ ಅಳತೆಪಟ್ಟಿ ಇಳಿಸಿ ದಪ್ಪ ನೋಡಿದರು. ತಿಳಿ ಐಸು ನಾಲ್ಕು ಅಂಗುಲಕ್ಕಿಂತ ತುಸು ಹೆಚ್ಚು, ಮೇಲೆ ಎರಡು ಅಂಗುಲ ಬಿಳಿ. ನಾಲ್ಕು ಎಂಬ ಅಂಕಿ ಕೇಳಿ ಅಮ್ಮಿಗೆ ಖುಷಿಯೋ ಖುಷಿ. ಹಿರಿಯರಿಗೆ ಅಷ್ಟೇನೂ ಖುಷಿಯಿರಲಿಲ್ಲ. ಒಬ್ಬರಿಂದ ಒಬ್ಬರು ಇಪ್ಪತ್ತು ಹೆಜ್ಜೆ ದೂರ ಇರಬೇಕು, ಮಧ್ಯಾಹ್ನದೊಳಗೆ ದಡ ಸೇರಬೇಕು ಎಂದು ಷರತ್ತು ಹಾಕಿದರು. ಪ್ರತಿಯೊಬ್ಬರ ಕೊರಳಿಗೂ ಮರದ ಹಿಡಿಕೆಗೆ ಮೊಳೆ ಬಡಿದ ಎರಡು ಚಿಕ್ಕ ಸಾಧನ ನೇತುಹಾಕಿದರು. ನೀರಿಗೆ ಬಿದ್ದರೆ ಬರಿಗೈಗೆ ಐಸು ಜಾರುತ್ತದೆ, ಇದನ್ನು ಚುಚ್ಚಿ ಚುಚ್ಚಿ ಮೇಲೆ ಬರಬೇಕಂತೆ.

"ಅಮೆರಿಕಾದವ್ರ ತಾಯತ ಇದು" ಎಂದು ಅಮ್ಮಿ ಅದನ್ನು ಸ್ವೆಟರಿನ ಮೇಲೆ ಸರಿಪಡಿಸಿಕೊಂಡಳು.

ಬೆಳಗು ಚೆನ್ನಾಗಿ ಕಳೆಯಿತು. ಅಮ್ಮಿ ಮಡಚುವ ಕುರ್ಚಿಯ ಮೇಲೆ ಕುಳಿತು ಗಾಳ ಹಿಡಿದು, ತೂತಿನೊಳಗೆ ಇಣುಕಿ ಇಣುಕಿ ನೋಡಿದಳು. ಬೆಳಕಿಗೆ ಅದು ಕನ್ನಡಿಯಂತೆ ಹೊಳೆಯುತ್ತಿತ್ತೇ ಹೊರತು ಒಳಗೇನೂ ಕಾಣಲಿಲ್ಲ. ಒಂದು ಮೀನೂ ಕಚ್ಚಲಿಲ್ಲ. ಹನ್ನೆರಡರ ಹೊತ್ತಿಗೆ ಬಿಸಿಲು ಏರಿ ಕಾಲಡಿಯ ಹಿಮ ಪಿಚಪಿಚ ಎನ್ನತೊಡಗಿತು. ಹಸಿವಾಯಿತು.

ನಮ್ಮ ಮನೆಯಲ್ಲಿ ಊಟವೆಂದರೆ ದಸ್ತರಖಾನ. ನೆಲದ ಮೇಲೆ ಒಂದೇ ಬಟ್ಟೆ ಹಾಸಿ, ಪಾತ್ರೆಯನ್ನು ನಡುವೆ ಇಟ್ಟು, ಮನೆಯವರು, ಬಂದವರು ಎಲ್ಲರೂ ಸುತ್ತ ಕೂರಬೇಕು. ಕೊನೆಯವರು ಬಂದು ಕೂರುವವರೆಗೆ ಯಾರೂ ತುತ್ತು ಎತ್ತುವಂತಿಲ್ಲ. ಬಿಡಿಬಿಡಿಯಾಗಿ ತಿಂದರೆ ಊಟದ ಬರಕತ್ತು, ಅಂದರೆ ದೇವರ ಕೃಪೆ, ಹೋಗುತ್ತದೆ ಎಂದು ಅಮ್ಮಿಯ ನಂಬಿಕೆ. ಡಬ್ಲಿನ್ನಿಗೆ ಬಂದ ಎರಡನೆಯ ದಿನವೇ ನಮ್ಮ ಡೈನಿಂಗ್ ಟೇಬಲ್ಲನ್ನು ಗೋಡೆಗೆ ತಳ್ಳಿಸಿದ್ದಳು. ಮಂಡಿನೋವಿನಿಂದ ನಮಾಜನ್ನೇ ಕುರ್ಚಿಯ ಮೇಲೆ ಮಾಡುವವಳು ಊಟಕ್ಕೆ ಮಾತ್ರ ನೆಲಕ್ಕೇ ಕೂರುತ್ತಿದ್ದಳು. ಆಮೇಲೆ ನಾನೂ ನನ್ನ ಗಂಡನೂ ಎರಡೂ ಕಡೆ ರಟ್ಟೆ ಹಿಡಿದು ಎಬ್ಬಿಸಬೇಕಿತ್ತು.

ಅಮ್ಮಿಗೆ ಗಾಳ ಬಿಟ್ಟು ದಡಕ್ಕೆ ಹೋಗಲು ಮನಸ್ಸಿರಲಿಲ್ಲ. ಹಸಿವಿನಲ್ಲಿ ಇಪ್ಪತ್ತು ಹೆಜ್ಜೆಯ ಷರತ್ತನ್ನು ಮರೆತು ಅವಳ ತೂತಿನ ಪಕ್ಕದಲ್ಲೇ ನೀಲಿ ಟಾರ್ಪಾಲು ಹಾಸಿದೆವು, ಅದರ ಮೇಲೆ ಕಂಬಳಿ, ಅದರ ಮೇಲೆ ಹೂವಿನ ದಸ್ತರಖಾನ. ನಡುವೆ ಬಿಸಿ ಹಂಡೆ ಬಂತು. ಅಮ್ಮಿಯನ್ನು ಇಳಿಸಿ ಕೂರಿಸಿದೆವು. ನಾನು, ನನ್ನ ಗಂಡ, ಕೆಳಮನೆಯ ಮೂವರು ಸುತ್ತ ಕುಳಿತೆವು. ಹಿರಿಯರು ದೂರದಲ್ಲಿದ್ದರು. ಅವರು ಬರುವವರೆಗೆ ಅಮ್ಮಿ ಹಂಡೆಯ ಮುಚ್ಚಳ ತೆಗೆಯಲಿಲ್ಲ.

ಹಿರಿಯರು ಬಂದರು. ಹತ್ತು ಹೆಜ್ಜೆ ದೂರದಲ್ಲೇ ನಿಂತು ತಲೆ ಎಣಿಸಿದರು. ಆಮೇಲೆ ನನಗೆ ಇಂಗ್ಲಿಷಿನಲ್ಲಿ, ಮೆಲ್ಲಗೆ, "ತಟ್ಟೆ ತೆಗೆದುಕೊಂಡು ಚದುರಿ ಕೂತರೆ ಒಳ್ಳೆಯದು" ಎಂದರು.

ಅಮ್ಮಿಗೆ ಅದನ್ನು ಹೇಳುವುದು ಹೇಗೆ? ಹಾಸಿದ ದಸ್ತರಖಾನದಿಂದ ಎದ್ದು ಹೋಗಿ ಎಂದು ಅತಿಥಿಗಳಿಗೆ ಹೇಳುವುದು ನಮ್ಮಲ್ಲಿ ಮುಖಕ್ಕೆ ಹೊಡೆದಂತೆ. ಅವಳನ್ನು ಮತ್ತೆ ಎಬ್ಬಿಸುವುದೂ ಒಂದು ರಾಮಾಯಣ. ನಾನು ನಗುತ್ತ, "ಐದೇ ನಿಮಿಷ" ಎಂದೆ. ಅಷ್ಟರಲ್ಲಿ ಅಮ್ಮಿ, "ಬರ್ರಿ, ಬರ್ರಿ, ನಿಂತೇ ಇದ್ದೀರಲ್ಲ, ಕೂಡ್ರಿ" ಎಂದು ಪಕ್ಕದ ಜಾಗ ತಟ್ಟಿದಳು. ಮರ್ಯಾದಸ್ಥ ಮನುಷ್ಯ, ಬಂದು ಅಂಚಿಗೆ ಕುಳಿತರು. ಏಳು ಜನ, ಒಂದು ಹಂಡೆ. ಆ ಐಸಿನ ಮೇಲೆ ಬೆಳಿಗ್ಗೆ ಒಬ್ಬೊಬ್ಬರೇ ನಡೆದದ್ದನ್ನು ನೋಡಿ ನಾನು ಅದನ್ನು ಪಾಸು ಮಾಡಿಬಿಟ್ಟಿದ್ದೆ. ಎಲ್ಲರೂ ಒಂದೇ ಕಡೆ ಬಂದರೆ ಏನಾಗುತ್ತದೆಂದು ನೋಡಿರಲಿಲ್ಲ. ಲೋಡ್ ಟೆಸ್ಟಿನ ಪಂಡಿತೆ ನಾನು.

ಎರಡನೆಯ ತುತ್ತಿಗೆ ಅಮ್ಮಿಯ ಕೈ ನಿಂತಿತು. ಅವಳು ತನ್ನ ತೂತಿನ ಕಡೆ ನೋಡುತ್ತಿದ್ದಳು. ತೂತಿನಿಂದ ನೀರು ಉಕ್ಕಿ ಅಂಚು ದಾಟಿ, ಸದ್ದಿಲ್ಲದೆ ನಮ್ಮ ಟಾರ್ಪಾಲಿನ ಕಡೆ ಹರಿದು ಬರುತ್ತಿತ್ತು.

"ಅಯ್ಯೋ, ನೀರು ಮೇಲ್ಗಡೆ ಬರ್ತಾ ಇದೆಯಲ್ಲಾ ಆಂಟಿ?" ಎಂದರು ಕೆಳಮನೆಯಾಕೆ.

"ನೀರು ಮ್ಯಾಲ ಬರಾಕತ್ತಿಲ್ಲ" ಎಂದಳು ಅಮ್ಮಿ. "ನಾವ ಕೆಳಗ ಇಳ್ಯಾಕತ್ತೀವಿ."

ಹಿರಿಯರಿಗೆ ಕನ್ನಡ ಬರುವುದಿಲ್ಲ, ಆದರೆ ಅವರೂ ಅದನ್ನೇ ನೋಡಿದ್ದರು. ಅದೇ ಹೊತ್ತಿಗೆ ನಮ್ಮ ಕೆಳಗೆ ಟಣ್ ಎಂದು ಒಂದು ಸದ್ದಾಗಿ, ನನ್ನ ಮತ್ತು ನನ್ನ ಗಂಡನ ನಡುವಿನಿಂದ ಟಾರ್ಪಾಲಿನಾಚೆಗೆ ಬಿಳಿ ಗೆರೆಯೊಂದು ಓಡಿತು. ಯಾರೂ ಏಳಬೇಡಿ, ನಿಲ್ಲಬೇಡಿ, ಮಲಗಿ ಒಬ್ಬೊಬ್ಬರೇ ಹೊರಗೆ ತೆವಳಿ ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು. ಈ ಸಲ ನಾನು ಕನ್ನಡದಲ್ಲಿ ಕೂಗಿ ಹೇಳಿದೆ. ಕೆಳಮನೆಯ ಯಜಮಾನರು ಮಗಳನ್ನು ಎತ್ತಿಕೊಂಡು ಓಡಲು ಒಂದು ಮಂಡಿ ಊರಿದ್ದರು.

"ಕುಂದ್ರು!" ಎಂದಳು ಅಮ್ಮಿ. ಏಳನೆಯ ತರಗತಿಯ ದನಿ ಅದು. ಅವರು ಕುಳಿತೇಬಿಟ್ಟರು. "ಸಣ್ಣವ್ರು ಮೊದಲ. ಹೊಟ್ಟಿ ಮ್ಯಾಲ ಮಲಗು ಕೂಸ, ಹಾವಿನಂಗ ಹರಿ. ಹಿಂದ ನಿಮ್ಮವ್ವ. ಇಬ್ಬರು ಕೂಡಿ ಹೋಗಬ್ಯಾಡ್ರಿ."

ಹುಡುಗಿ ಹೋದಳು, ಅವಳ ತಾಯಿ ಹೋದರು, ತಂದೆ ಹೋದರು. ಹಿರಿಯರು ಉರುಳಿಕೊಂಡು ಹೋಗಿ ದೂರದಲ್ಲಿದ್ದ ತಮ್ಮ ಹಗ್ಗ ತಂದು ಇತ್ತ ಎಸೆದರು. ನನ್ನ ಗಂಡ ತೆವಳಿ ಅವರನ್ನು ಸೇರಿದ. ನಾನು ಕೂತೇ ಇದ್ದೆ. ಅಮ್ಮಿ ಮಂಡಿ ಮಡಚಿ ಏಳಲಾರಳು ಎಂದು ನನಗೆ ಗೊತ್ತಿತ್ತು. ಎಬ್ಬಿಸಲು ಇಬ್ಬರು ಬೇಕು, ಇಬ್ಬರು ನಿಂತರೆ ಮೂವರೂ ಹೋಗುತ್ತೇವೆ ಎಂಬುದೂ ಗೊತ್ತಿತ್ತು.

"ನೀ ಯಾಕ ಕುಂತಿ? ಹೋಗು."

"ಹೋಗಲ್ಲ ಅಮ್ಮಿ."

ನೀರು ದಸ್ತರಖಾನದ ಅಂಚಿನ ಹೂವುಗಳ ಮೇಲೆ ಬಂದಿತ್ತು. ಅಮ್ಮಿ ಅದನ್ನು ತೋರಿಸಿದಳು. "ನೀ ಕುಂತಷ್ಟೂ ನಾ ಮುಳುಗತೀನಿ. ಲೆಕ್ಕ ಇಷ್ಟ ಐತಿ. ಹೋಗು."

ನಾನು ಅಳುತ್ತ ತೆವಳಿದೆ. ನನ್ನ ಜೀವನದಲ್ಲಿ ಅಷ್ಟು ಹೆದರಿಕೆ ಹಿಂದೆಂದೂ ಆಗಿರಲಿಲ್ಲ, ಮುಂದೆಯೂ ಆಗಿಲ್ಲ. ತಿರುಗಿ ನೋಡಿದರೆ ಅಮ್ಮಿ ಹಂಡೆಯನ್ನು ಟಾರ್ಪಾಲಿನಿಂದ ಆಚೆ ತಳ್ಳುತ್ತಿದ್ದಳು. ಆಮೇಲೆ ಹಗ್ಗ ಎಳೆದುಕೊಂಡು, ಟಾರ್ಪಾಲಿನ ಮೂಲೆಯ ಎರಡು ತೂತುಗಳಿಗೆ ಸಾವಕಾಶವಾಗಿ ಗಂಟು ಹಾಕಿದಳು. ಫ್ಲಾಸ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಬೋರಲಾಗಿ ಮಲಗಿದಳು. ಅವಳ ಮುಖ ಸರಿಯಾಗಿ ಗಾಳದ ತೂತಿನ ಪಕ್ಕಕ್ಕೆ ಬಂತು.

ನಾವು ಹಗ್ಗ ಬಿಗಿ ಮಾಡಿದೆವು. ಅಮ್ಮಿ ಕೈ ಎತ್ತಿದಳು.

"ತಡೀರಿ! ಎಳೀಬ್ಯಾಡ್ರಿ!"

ಅವಳು ಶಾಲನ್ನು ತಲೆಯ ಮೇಲಿಂದ ಎಳೆದು ತೂತಿನ ಮೇಲೆ ನೆರಳು ಮಾಡಿ, ಮುಖವನ್ನು ನೀರಿಗೆ ತಾಗುವಷ್ಟು ಬಗ್ಗಿಸಿ ಒಳಗೆ ನೋಡುತ್ತಿದ್ದಳು. ಅಲ್ಲಾ, ಐಸು ಬಿರಿಯುತ್ತಿದೆ, ಮೈಕೈ ನೆನೆಯುತ್ತಿದೆ, ಈ ಹೆಂಗಸು ಇಣುಕಿ ನೋಡುತ್ತಿದ್ದಾಳೆ! "ಎಳೀರಿ" ಎಂದು ನಾನು ಕಿರುಚಿದೆ. ಎಳೆದೆವು. ನೆನೆದ ಹಿಮದಲ್ಲಿ ಟಾರ್ಪಾಲು ಒಂದು ಕಡೆ ಕಚ್ಚಿಕೊಂಡಿತು. ಆಗ ಅಮ್ಮಿ ಕೊರಳ ತಾಯತಗಳನ್ನು ಎರಡೂ ಕೈಯಲ್ಲಿ ಹಿಡಿದು, ಐಸಿಗೆ ಚುಚ್ಚಿ ತನ್ನನ್ನು ತಾನೇ ಮುಂದಕ್ಕೆ ಜಗ್ಗಿಕೊಂಡಳು. ಒಂದು ಸಲ, ಎರಡು ಸಲ. ಬಿಡಿಸಿಕೊಂಡಿತು. ದಡದವರೆಗೂ ಅವಳನ್ನು ಹಾಗೆಯೇ ಬೋರಲು ಎಳೆದುಕೊಂಡು ಬಂದೆವು.

ಹಿಂದೆ ಉಳಿದ ಹಂಡೆಯ ಸುತ್ತ ನೀರು ಕಪ್ಪಾಗುತ್ತ ಬಂತು. ಹಂಡೆ ಒಂದು ಕಡೆ ವಾಲಿತು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅಲ್ಲಿ ಹಂಡೆ ಇರಲಿಲ್ಲ. "ನಮ್ಮತ್ತೆ ಕೊಟ್ಟಿದ್ದು ಅದು" ಎಂದು ಕೆಳಮನೆಯಾಕೆ ಹೇಳಿ, ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದರು. ಬಿಳಿ ಐಸು ಬಿಸಿಲಿಗೆ ನೆನೆದು ಬಲ ಕಳೆದುಕೊಂಡಿತ್ತು, ತಾವು ಕೂರಲೇಬಾರದಿತ್ತು ಎಂದು ಹಿರಿಯರು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಅವರ ತಪ್ಪಲ್ಲವೆಂದು ನನ್ನೊಬ್ಬಳಿಗೇ ಗೊತ್ತಿತ್ತು.

ಅಮ್ಮಿಗೆ ಒಣ ಬಟ್ಟೆ ತೊಡಿಸಿ, ವ್ಯಾನಿನಲ್ಲಿ ಹೀಟರ್ ಹಾಕಿ ಕೂರಿಸಿದೆವು. ಫ್ಲಾಸ್ಕಿನ ಚಹಾ ಇನ್ನೂ ಬಿಸಿ ಇತ್ತು. ನಾನು ಒಳಗೆ ಹೋಗಲಿಲ್ಲ. ತೆರೆದ ಬಾಗಿಲ ಹೊರಗೆ ಹಿಮದಲ್ಲಿ ನಿಂತಿದ್ದೆ. ಹುಡುಗಿ ಅಮ್ಮಿಯ ಪಕ್ಕ ಕೂತು ಕೇಳಿದಳು: "ಅಜ್ಜಿ, ವಾಸ್ ಇಟ್ ಫೋರ್?"

"ಗೊತ್ತಿಲ್ಲವಾ" ಎಂದಳು ಅಮ್ಮಿ. "ಥರ್ಮಾಮೀಟರ್ ಇಳಿಸಾಕ ಆಗಲಿಲ್ಲ. ಮೀನ ನೋಡಿದೆ. ಒಂದ ಮೀನ, ಇಷ್ಟುದ್ದ, ಬೆನ್ನ ಮ್ಯಾಲ ಚುಕ್ಕಿ. ಅವಸರ ಇಲ್ಲದ ಹೊಂಟಿತ್ತು. ನಾಕು ಡಿಗ್ರಿ ನೋಡಿಲ್ಲ. ನೋಡೀನಿ ಅಂತ ಹೇಳಾಕ ಬರಂಗಿಲ್ಲ."

ಹುಡುಗಿಗೆ ಅಷ್ಟು ಸಾಕಾಯಿತು. ಅವಳು ತನ್ನ ಅಮ್ಮನ ಕಡೆ ಓಡಿದಳು. ನಾನು ಹೇಳಿದೆ: "ಅಮ್ಮಿ, ಚದುರಿ ಕೂಡಬೇಕಂತ ಅವರು ಮೊದಲೇ ಹೇಳಿದ್ರು. ನಾನು ನಿನಗೆ ಹೇಳಲಿಲ್ಲ."

ಅಮ್ಮಿ ಚಹಾ ತುಂಬಿದ ಫ್ಲಾಸ್ಕಿನ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದಳು. ಬೆರಳು ಇನ್ನೂ ಕೆಂಪಾಗಿದ್ದವು. "ಹೇಳಿದ್ರೂ ನಾ ಕೇಳ್ತಿದ್ದಿಲ್ಲ" ಎಂದಳು. "ಆದ್ರ ಹೇಳಬೇಕಿತ್ತು." ಮತ್ತೊಂದು ಗುಟುಕು ಕುಡಿದಳು. ಕೆರೆಯ ಕಡೆ ನೋಡಿದಳು.

"ಅವತ್ತ ಕ್ಲಾಸಿನಾಗ ನೀ ಕೇಳಿದ್ದಿ ನೋಡು, ನೋಡೀರೇನ್ರಿ ಅಂತ. ಖರೇ ಪ್ರಶ್ನೆ ಇತ್ತು ಅದು. ಇಲ್ಲ ಅನ್ನಾಕ ನನಗ ನಾಚಿಕಿ ಆತು. ಅದಕ್ಕ ಹೊರಗ ನಿಂದರಿಸಿದೆ."

ಬೂಟಿನೊಳಗೆ ನೀರು ಇಳಿದು ಕಾಲು ಜೋಮು ಹಿಡಿದಿತ್ತು.

ಅಮ್ಮಿ ತನ್ನ ಪಕ್ಕದ ಸೀಟಿನ ಮೇಲಿದ್ದ ಒದ್ದೆ ಶಾಲನ್ನು ಎತ್ತಿ ಹಿಂದಕ್ಕೆ ಹಾಕಿದಳು.

"ಸಾಕು ನಿಂತಿದ್ದು" ಎಂದಳು. "ಒಳಗ ಬಾ."